ಡಿಸ್ನಿ ವರ್ಲ್ಡ್‌ಗೆ ಹ್ಯಾಂಡಿಕ್ಯಾಮ್ ಒಯ್ಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫ್ಲೋರಿಡಾದಲ್ಲಿ ಇರುವವನು. ಡಿಸ್ನಿ ವರ್ಲ್ಡ್, ಯೂನಿವರ್ಸಲ್ ಹೀಗೆ ಒರ್ಲ್ಯಾಂಡೊ ಸುತ್ತಲಿನ ಪಾರ್ಕ್‌ಗಳಲ್ಲಿ 1998ರಿಂದ ವಿಡಿಯೊ ತೆಗೆಯುತ್ತಾ ಬಂದಿದ್ದೇನೆ. ಮೊದಲು ಹೈ-8 ಕ್ಯಾಮೆರಾ ಇತ್ತು. ಆಮೇಲೆ ಮಿನಿ-ಡಿವಿ ಬಂತು. ಎರಡೂ ಕ್ಯಾಸೆಟ್ ಹಾಕುವಂಥವು. ಈಗಿರುವುದು ಮೆಮೊರಿ ಕಾರ್ಡ್‌ನದು. ಊರಿಂದ ಅಪ್ಪ-ಅಮ್ಮ ಬರುತ್ತಾರೆ ಅಂದ ಕೂಡಲೇ ಕನ್ನಡ ಕೂಟದ ಗೆಳೆಯರು ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಅರ್ಧ ಅರ್ಧ ಹೇಳುವ ಬದಲು ಪೂರ್ತಿಯಾಗಿ ಇಲ್ಲಿ ಬರೆದಿದ್ದೇನೆ.

ಕೈಯಲ್ಲಿ ಒಳ್ಳೆ ಫೋನ್ ಇದೆ. ಹ್ಯಾಂಡಿಕ್ಯಾಮ್ ಯಾಕೆ ಬೇಕು?

ಕತ್ತಲೆ ಇರುವ ರೈಡ್‌ಗಳಿಗೆ ಬೇಕಾಗಿಲ್ಲ. ಈಗಿನ ಒಳ್ಳೆ ಫೋನ್ ಕತ್ತಲಲ್ಲಿ ಹಳೆಯ ಹ್ಯಾಂಡಿಕ್ಯಾಮ್‌ಗಿಂತ ಚೆನ್ನಾಗಿ ತೆಗೆಯುತ್ತದೆ. ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಪರೇಡ್, ಸ್ಟೇಜ್ ಶೋ, ಸಫಾರಿ ಇವಕ್ಕೆ ನಾನು ಇವತ್ತಿಗೂ ಹ್ಯಾಂಡಿಕ್ಯಾಮ್ ಒಯ್ಯುತ್ತೇನೆ. ಲೆನ್ಸ್‌ನಿಂದಲೇ ಆಗುವ ಝೂಮ್ ಇದೆ. ದೂರದ ವೇದಿಕೆಯ ಮೇಲಿನ ಮುಖ ಹತ್ತಿರ ಬಂದರೂ ಚಿತ್ರ ಒಡೆಯುವುದಿಲ್ಲ. ಪಟ್ಟಿಯೊಳಗೆ ಕೈ ತೂರಿಸಿ ಹಿಡಿಯುವುದರಿಂದ ಅರ್ಧ ಗಂಟೆಯಾದರೂ ಕೈ ಸೋಲುವುದಿಲ್ಲ. ಇನ್ನೊಂದು ಮಾತು. ಫ್ಲೋರಿಡಾದ ಜುಲೈ ಬಿಸಿಲಲ್ಲಿ ಫೋನ್ ಕಾದು ತಾನೇ ಆರಿಹೋಗುತ್ತದೆ. ಹಾಗಾದರೆ ವಿಡಿಯೊ ಮಾತ್ರ ಅಲ್ಲ, ಅದರಲ್ಲಿರುವ ಟಿಕೆಟ್ಟೂ ಸಿಗುವುದಿಲ್ಲ.

ಪಾರ್ಕ್‌ನವರು ವಿಡಿಯೊ ತೆಗೆಯಲು ಬಿಡುತ್ತಾರಾ?

ಮನೆಮಂದಿ ನೋಡಲು ತೆಗೆಯುವುದಕ್ಕೆ ಡಿಸ್ನಿಯಲ್ಲಿ ಸಾಮಾನ್ಯವಾಗಿ ಅಡ್ಡಿ ಇಲ್ಲ. ಅನುಮತಿ ಇಲ್ಲದೆ ವ್ಯಾಪಾರಕ್ಕೆ ತೆಗೆಯುವಂತಿಲ್ಲ. ಕತ್ತಲೆ ರೈಡ್‌ಗಳಲ್ಲಿ ಫ್ಲ್ಯಾಶ್ ಅಥವಾ ಕ್ಯಾಮೆರಾದ ದೀಪ ಹಾಕಬಾರದು. ಸೆಲ್ಫಿ ಸ್ಟಿಕ್ ಅನ್ನು 2015ರ ಬೇಸಿಗೆಯಲ್ಲಿ ಪೂರ್ತಿ ನಿಷೇಧಿಸಿದರು. ಟ್ರೈಪಾಡ್ ಸಾಮಾನ್ಯ ಬೆನ್ನುಚೀಲದೊಳಗೆ ಹಿಡಿಸಬೇಕು, 6 ಅಡಿಗಿಂತ ಉದ್ದ ಆಗಬಾರದು. ಡ್ರೋನ್ ಆಸೆ ಬೇಡವೇ ಬೇಡ. ಫ್ಲೋರಿಡಾ, ಕ್ಯಾಲಿಫೋರ್ನಿಯಾ ಎರಡೂ ಕಡೆಯ ಡಿಸ್ನಿ ಪಾರ್ಕ್‌ಗಳ ಮೇಲಿನ ಆಕಾಶಕ್ಕೆ 2003ರಿಂದ ಹಾರಾಟದ ನಿರ್ಬಂಧ ಇದೆ.

ಪಾರ್ಕ್‌ನಿಂದ ಪಾರ್ಕ್‌ಗೆ, ಶೋನಿಂದ ಶೋಗೆ ನಿಯಮ ಬೇರೆ. ಶುರುವಾಗುವ ಮುಂಚೆ ಮೈಕ್‌ನಲ್ಲಿ ಹೇಳುತ್ತಾರೆ, ಕಿವಿಗೊಟ್ಟು ಕೇಳಿ. ಬೇಡ ಅಂದರೆ ಬೇಡ. ಬಟ್ಟೆಯೊಳಗೆ ಬಚ್ಚಿಟ್ಟು ತೆಗೆದ ವಿಡಿಯೊವನ್ನು ಆಮೇಲೆ ಯಾರೂ ಖುಷಿಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

ರೋಲರ್ ಕೋಸ್ಟರ್ ಮೇಲೆ ತೆಗೆಯಬಹುದಾ? ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ.

ಬೇಡ. ಎಷ್ಟೇ ಗಟ್ಟಿಯಾಗಿ ಹಿಡಿದರೂ ಬೇಡ. ತಿರುವಿನಲ್ಲಿ ಕೈಯ ತೂಕ ಇಮ್ಮಡಿ, ಮುಮ್ಮಡಿ ಆಗುತ್ತದೆ. ಅರ್ಧ ಕಿಲೊ ಕ್ಯಾಮೆರಾ ಜಾರಿದರೆ ಹಿಂದಿನ ಸೀಟಿನವರ ಮುಖಕ್ಕೆ ಕಲ್ಲಿನ ಹಾಗೆ ಬಡಿಯುತ್ತದೆ.

ಬಿದ್ದ ವಸ್ತುವನ್ನು ತರಲು ಬೇಲಿ ದಾಟುವುದು ಇನ್ನೂ ಅಪಾಯ. 2015ರ ಆಗಸ್ಟ್‌ನಲ್ಲಿ ಒಹಾಯೊದ ಸೀಡರ್ ಪಾಯಿಂಟ್ ಪಾರ್ಕ್‌ನಲ್ಲಿ ಒಬ್ಬರು ರೈಡ್‌ನಲ್ಲಿ ಕಳೆದುಹೋದ ಫೋನು, ಪರ್ಸು ಹುಡುಕುತ್ತಾ ರ‍್ಯಾಪ್ಟರ್ ಎಂಬ ಕೋಸ್ಟರ್‌ನ ಬೇಲಿಯ ಒಳಗೆ ಹೋದರು. ಓಡುತ್ತಿದ್ದ ಗಾಡಿ ಬಡಿದು ಅಲ್ಲೇ ತೀರಿಕೊಂಡರು. ಒಂದು ಫೋನಿಗಾಗಿ.

ಯೂನಿವರ್ಸಲ್‌ನ ಹಲ್ಕ್, ವೆಲಾಸಿಕೋಸ್ಟರ್‌ಗಳಲ್ಲಿ ಮೆಟಲ್ ಡಿಟೆಕ್ಟರ್ ದಾಟಿಯೇ ಒಳಗೆ ಹೋಗಬೇಕು. ಪಕ್ಕದಲ್ಲೇ ಲಾಕರ್ ಇರುತ್ತದೆ, ಅದರಲ್ಲಿಟ್ಟು ಹೋಗಿ. ಕೋಸ್ಟರ್ ಬೇಕೇ ಬೇಕು ಅಂದರೆ ಕೆಳಗೆ ನಿಂತು ತೆಗೆಯಿರಿ. ಮಕ್ಕಳು ಯಾವ ಸಾಲಿನಲ್ಲಿ ಕೂತಿದ್ದಾರೆ ಎಂದು ಮೊದಲೇ ಕೇಳಿಕೊಳ್ಳಿ. ಮೊದಲ ಗಾಡಿಯಲ್ಲಿ ಎಲ್ಲಿ ಇಳಿಜಾರು, ಎಲ್ಲಿ ತಿರುವು ಎಂದು ನೋಡಿಕೊಳ್ಳಿ. ಎರಡನೆಯದರಲ್ಲಿ ನಿಮ್ಮವರು ಬರುವಾಗ ಕ್ಯಾಮೆರಾ ಅಲ್ಲೇ ಕಾಯುತ್ತಿರಲಿ. ಇಳಿದು ಬರುವಾಗಿನ ಕೆದರಿದ ತಲೆ, ನಡುಗುವ ಕಾಲು, "ಇನ್ನೊಂದ್ಸಲ ಹೋಗೋಣ" ಅನ್ನುವ ಕೂಗು ಇವನ್ನು ಮಾತ್ರ ಬಿಡಬೇಡಿ. ಕೋಸ್ಟರ್ ವಿಡಿಯೊ ಅಂದರೆ ನನ್ನ ಪ್ರಕಾರ ಅದೇ.

ಇದೇ ಮೊದಲ ಸಲ. ಯಾವ ರೈಡ್‌ನಿಂದ ಶುರುಮಾಡಲಿ?

ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಎಂಬ ಪಾರ್ಕ್‌ನಲ್ಲಿ ಪೀಪಲ್‌ಮೂವರ್ ಹತ್ತಿ. 1975ರಿಂದ ಓಡುತ್ತಿರುವ ನಿಧಾನದ ಗಾಡಿ. ಸುಮಾರು 10 ನಿಮಿಷ ಮೇಲಿನ ದಾರಿಯಲ್ಲಿ ಸುತ್ತಿಸುತ್ತದೆ. ಜೋರು ಕುಲುಕಾಟ ಇಲ್ಲ, ನೀರು ಎರಚುವುದಿಲ್ಲ. ಬಿಸಿಲಿಂದ ಕತ್ತಲೆಗೆ, ಕತ್ತಲೆಯಿಂದ ಬಿಸಿಲಿಗೆ ಹೋಗಿ ಬರುತ್ತದೆ. ನಡುವೆ ಸ್ಪೇಸ್ ಮೌಂಟನ್ ಎಂಬ ಕೋಸ್ಟರ್‌ನ ಕಟ್ಟಡದ ಒಳಗೂ ಹಾಯುತ್ತದೆ. ನಿಮ್ಮ ಕ್ಯಾಮೆರಾ ಬೆಳಕು ಬದಲಾದಾಗ ಎಷ್ಟು ಬೇಗ ಹೊಂದಿಕೊಳ್ಳುತ್ತದೆ ಎಂದು ಇಲ್ಲೇ ಗೊತ್ತಾಗುತ್ತದೆ.

ಆಮೇಲೆ ಇಟ್ಸ್ ಅ ಸ್ಮಾಲ್ ವರ್ಲ್ಡ್. ಒಳಾಂಗಣ ರೈಡ್‌ಗಳಲ್ಲಿ ಇದರಷ್ಟು ಬೆಳಕು ಬೇರೆಯದರಲ್ಲಿ ಕಡಿಮೆ. ದೋಣಿ ಮೆಲ್ಲಗೆ ಹೋಗುತ್ತದೆ. ಕ್ಯಾಮೆರಾವನ್ನು ಆಟೊದಲ್ಲಿ, ಅಂದರೆ ಎಲ್ಲವನ್ನೂ ಅದೇ ಹೊಂದಿಸಿಕೊಳ್ಳಲಿ ಎಂದು ಬಿಟ್ಟರೂ ಚಿತ್ರ ಚೆನ್ನಾಗಿ ಬರುತ್ತದೆ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆಂದು ಮಾಡಿದ ಆಟ ಇದು. ನಮ್ಮ ಕಡೆಯ ಹಿರಿಯರಿಗೆ ತುಂಬಾ ಹಿಡಿಸುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಕತ್ತಲೆ ರೈಡ್‌ನಲ್ಲಿ ತೆಗೆದದ್ದೆಲ್ಲ ಮರಳು ಮರಳಾಗಿ ಬರುತ್ತದೆ. ಗೊಂಬೆಗಳ ಮುಖ ಬರೀ ಬಿಳಿ. ಏನು ಮಾಡಲಿ?

ಎಲ್ಲರೂ ಕೇಳುವ ಪ್ರಶ್ನೆ ಇದು. ಸ್ವಲ್ಪ ವಿವರವಾಗಿಯೇ ಹೇಳಬೇಕು.

ಆಟೊದಲ್ಲಿರುವ ಕ್ಯಾಮೆರಾಕ್ಕೆ ಕತ್ತಲೆ ಅಂದರೆ ತಪ್ಪು ಅನ್ನಿಸುತ್ತದೆ. ಇಡೀ ಚಿತ್ರ ಹಗಲಿನ ಹಾಗೆ ಕಾಣಬೇಕು ಎಂದು ಅದು ಹೆಣಗುತ್ತದೆ. ಸಿಗ್ನಲ್ ಅನ್ನು ಬಲವಂತವಾಗಿ ಹಿಗ್ಗಿಸುತ್ತದೆ. ಹಿಗ್ಗಿಸಿದಾಗ ಕಪ್ಪು ಜಾಗದಲ್ಲಿ ಮರಳು ಕಾಣುತ್ತದೆ. ಮೊದಲೇ ದೀಪ ಬಿದ್ದಿರುವ ಮುಖ ಸುಣ್ಣ ಬಳಿದ ಗೋಡೆಯಂತೆ ಆಗುತ್ತದೆ. ಆದರೆ ಆ ಜಾಗ ಕತ್ತಲಾಗಿಯೇ ಇರಬೇಕು ಅಲ್ವಾ? ರೈಡ್ ಕಟ್ಟಿದವರು ಏನನ್ನು ತೋರಿಸಬೇಕೋ ಅದಕ್ಕೆ ಮಾತ್ರ ದೀಪ ಬಿಟ್ಟಿರುತ್ತಾರೆ. ಉಳಿದದ್ದು ಕಪ್ಪಾಗಿರಲಿ.

ಹಾಗಾಗಿ ಎಕ್ಸ್‌ಪೋಷರ್ ಅನ್ನು, ಅಂದರೆ ಚಿತ್ರ ಎಷ್ಟು ಬೆಳ್ಳಗೆ ಬರಬೇಕು ಅನ್ನುವುದನ್ನು, ಮ್ಯಾನ್ಯುಯಲ್‌ಗೆ (ಕೈಯಿಂದ ಹೊಂದಿಸುವುದಕ್ಕೆ) ಹಾಕಿ ಎರಡು-ಮೂರು ಹೆಜ್ಜೆ ಇಳಿಸಿ. ಗೊಂಬೆಯ ಕಣ್ಣು-ಮೂಗು ಕಾಣುವಷ್ಟು ಇಳಿದರೆ ಸಾಕು. ಮ್ಯಾನ್ಯುಯಲ್ ಇಲ್ಲದ ಕ್ಯಾಮೆರಾದಲ್ಲಿ ದೀಪ ಬಿದ್ದ ಮುಖ ಬಿಳಿಯಾಗದಂತೆ ತಡೆಯುವ ಸ್ಪಾಟ್‌ಲೈಟ್ ಎಂಬ ಆಯ್ಕೆ ಹುಡುಕಿ. ಸೋನಿ, ಕ್ಯಾನನ್, ಪ್ಯಾನಸೋನಿಕ್ ಮೂರರ ಎಷ್ಟೋ ಮಾದರಿಗಳಲ್ಲಿ ಇದೆ. ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹೊಂದಾಣಿಕೆ, ಆಟೊದಲ್ಲಿದ್ದರೆ ನೀಲಿ, ಕೆಂಪು ದೀಪದ ಬಣ್ಣವನ್ನೆಲ್ಲ ತೊಳೆದುಹಾಕುತ್ತದೆ. ಅದನ್ನು ಒಳಾಂಗಣ, ಅಂದರೆ ಬಲ್ಬ್ ಗುರುತಿಗೆ ಹಾಕಿ ಬಿಟ್ಟುಬಿಡಿ.

ಝೂಮ್ ಮುಟ್ಟಬೇಡಿ. ಝೂಮ್ ಮಾಡಿದಷ್ಟೂ ಲೆನ್ಸ್ ಒಳಗೆ ಬರುವ ಬೆಳಕು ಕಡಿಮೆ. ಪೂರ್ತಿ ಅಗಲಕ್ಕೆ ಇಟ್ಟರೆ ಬೆಳಕೂ ಜಾಸ್ತಿ, ಕುಲುಕಾಟವೂ ಕಮ್ಮಿ. ಆಟೊ ಫೋಕಸ್ ಕತ್ತಲಲ್ಲಿ ಹುಡುಕುತ್ತಾ ಹುಡುಕುತ್ತಾ ಚಿತ್ರವನ್ನು ಒಳಗೆ-ಹೊರಗೆ ಎಳೆದಾಡುತ್ತದೆ. ಸಾಲಿನಲ್ಲಿ ನಿಂತಿರುವಾಗಲೇ ಹತ್ತು-ಹದಿನೈದು ಅಡಿ ದೂರದ ವಸ್ತುವಿಗೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಬದಲಿಸಿ. ಅಗಲ ಕೋನದಲ್ಲಿ ಅದು ಹೆಚ್ಚುಕಡಿಮೆ ಎಲ್ಲದಕ್ಕೂ ಸಾಲುತ್ತದೆ.

ಕೊನೆಯದಾಗಿ ಹಿಂದೆ ಕೂತವರ ಬಗ್ಗೆ ಯೋಚಿಸಿ. ಕ್ಯಾಮೆರಾದ ಸ್ಕ್ರೀನ್ ಬೆಳಕನ್ನು ಪೂರ್ತಿ ಇಳಿಸಿ. ಕಣ್ಣಿಗಿಟ್ಟು ನೋಡುವ ಕಿಂಡಿ ಇದ್ದರೆ ಸ್ಕ್ರೀನ್ ಮುಚ್ಚಿ. ಮುಂದೆ ಮಿನುಗುವ ಕೆಂಪು ದೀಪವನ್ನು ಮೆನುವಿನಲ್ಲಿ ಆರಿಸಬಹುದು. ಫೋಕಸ್‌ಗೆ ಸಹಾಯ ಮಾಡುವ ದೀಪ ಇದ್ದರೆ ಅದನ್ನೂ ಆರಿಸಿ. ಇವಿಷ್ಟನ್ನೂ ಮನೆಯಲ್ಲಿ, ರಾತ್ರಿ, ದೇವರ ಮನೆಯ ದೀಪವೊಂದೇ ಉರಿಯುತ್ತಿರುವಾಗ ಅಭ್ಯಾಸ ಮಾಡಿ. ಸುತ್ತ ಕತ್ತಲು, ನಡುವೆ ಒಂದು ಬೆಳಕು. ಕತ್ತಲೆ ರೈಡ್‌ನ ಒಳಗೂ ಹಾಗೆಯೇ ಇರುತ್ತದೆ.

ಹಾಂಟೆಡ್ ಮ್ಯಾನ್ಶನ್ ಎಂಬ ದೆವ್ವದ ಮನೆಯ ರೈಡ್‌ನಲ್ಲಿ ಕುಣಿಯುವ ದೆವ್ವಗಳು ವಿಡಿಯೊದಲ್ಲಿ ಸರಿಯಾಗಿ ಬರುತ್ತವಾ?

ಬರುತ್ತವೆ, ದೀಪ ಹಾಕದಿದ್ದರೆ. ಆ ದೆವ್ವಗಳು ದೊಡ್ಡ ಗಾಜಿನಲ್ಲಿ ಬಿದ್ದ ಪ್ರತಿಬಿಂಬ. ನಿಜವಾದ ಗೊಂಬೆಗಳು ನಿಮಗೆ ಕಾಣದ ಜಾಗದಲ್ಲಿರುತ್ತವೆ. ಅವುಗಳ ಮೇಲೆ ಬೆಳಕು ಬಿದ್ದಾಗ ಗಾಜಿನಲ್ಲಿ ಪಾರದರ್ಶಕವಾಗಿ ಕಾಣುತ್ತವೆ. 1860ರ ದಶಕದಲ್ಲಿ ಲಂಡನ್‌ನ ರಂಗದ ಮೇಲೆ ಹೆಸರಾದ ಉಪಾಯ ಇದು, ಪೆಪ್ಪರ್ಸ್ ಗೋಸ್ಟ್ ಅನ್ನುತ್ತಾರೆ. ಯಾರಾದರೂ ಫ್ಲ್ಯಾಶ್ ಹೊಡೆದರೆ ಗಾಜು ಥಟ್ಟನೆ ಕಾಣಿಸಿ ಅಷ್ಟೂ ಜನರ ಭ್ರಮೆ ಕೆಡುತ್ತದೆ. ಇಲ್ಲಿಯ ಗಾಡಿ ತಾನೇ ತಿರುಗಿ ನೋಡಬೇಕಾದ ಕಡೆಗೆ ಮುಖ ಮಾಡುತ್ತದೆ. ನೀವು ಕ್ಯಾಮೆರಾ ಆಡಿಸುವ ಕೆಲಸವೇ ಇಲ್ಲ. ಎದೆಗೆ ಒತ್ತಿ ಹಿಡಿದು ಸುಮ್ನೆ ಕೂತಿರಿ.

ನನ್ನ ಹಳೆ ಹ್ಯಾಂಡಿಕ್ಯಾಮ್‌ನಲ್ಲಿ ಕತ್ತಲಲ್ಲೂ ತೆಗೆಯುವ ನೈಟ್‌ಶಾಟ್ ಇದೆ. ಅದನ್ನು ಹಾಕಬಹುದಾ?

ಹಾಕಬೇಡಿ. ಎಲ್ಲ ಹಸಿರಾಗುತ್ತದೆ, ಬಣ್ಣ ಸತ್ತುಹೋಗುತ್ತದೆ. ಅಡಗಿಸಿಟ್ಟ ಕಂಬ, ವೈರು, ಗೋಡೆ ಎಲ್ಲ ಎದ್ದು ಕಾಣುತ್ತವೆ. ನಮ್ಮ ಕಣ್ಣಿಗೆ ಕಾಣದ ಅದರ ಇನ್‌ಫ್ರಾರೆಡ್ ಬೆಳಕು ಬೇರೆಯವರ ಕ್ಯಾಮೆರಾದಲ್ಲಿ ಟಾರ್ಚ್ ಬಿಟ್ಟ ಹಾಗೆ ಕಾಣಬಹುದು.

ಯಾವ ಸೀಟಿನಲ್ಲಿ ಕೂರಬೇಕು?

ದೋಣಿಯಾದರೆ ಮುಂದಿನ ಸಾಲು. ಮುಂದೆ ತಲೆಗಳು ಅಡ್ಡ ಬರುವುದಿಲ್ಲ. ಹತ್ತಿಸುವ ಸಿಬ್ಬಂದಿಯನ್ನು ನಗುನಗುತ್ತಾ ಕೇಳಿದರೆ, ಜನ ಕಡಿಮೆ ಇದ್ದಾಗ, ಕೊಡುತ್ತಾರೆ. ಇನ್ನೊಂದು ದೋಣಿಗೆ ಕಾಯಲು ತಯಾರಿರಿ. ಆದರೆ ಪೈರೇಟ್ಸ್ ಆಫ್ ದ ಕೆರಿಬಿಯನ್‌ನಲ್ಲಿ ಕತ್ತಲೆಯಲ್ಲಿ ಒಂದು ಸಣ್ಣ ಇಳಿಜಾರಿದೆ. ಮುಂದೆ ಕೂತವರಿಗೆ ನೀರು ಹಾರುತ್ತದೆ. ಇಳಿಯುವಾಗ ಕ್ಯಾಮೆರಾವನ್ನು ಮಡಿಲಿಗೆ ಎಳೆದು ಅಂಗೈಯಿಂದ ಲೆನ್ಸ್ ಮುಚ್ಚಿ. ರೆಕಾರ್ಡಿಂಗ್ ನಿಲ್ಲಿಸಬೇಡಿ. ಚಿತ್ರ ಕಪ್ಪಾದರೂ ಆ ಕಿರುಚಾಟ ಉಳಿಯಲಿ.

ಅನಿಮಲ್ ಕಿಂಗ್‌ಡಮ್ ಎಂಬ ಪಾರ್ಕ್‌ನ ಸಫಾರಿ ಲಾರಿಯಲ್ಲಿ ಅಂಚಿನ ಸೀಟು ಸಿಕ್ಕರೆ ಅದೃಷ್ಟ. ಗುಂಡಿ ಬಿದ್ದ ದಾರಿ. ಸೊಂಟದಿಂದ ಮೇಲಿನ ಮೈಯನ್ನು ಸಡಿಲ ಬಿಟ್ಟು ಕೂತರೆ ಕುಲುಕು ಕಡಿಮೆ. ಲಾರಿಯ ಕಂಬಿಗೆ ಕ್ಯಾಮೆರಾ ಆನಿಸಿದರೆ ಇಂಜಿನ್ ನಡುಕ ಅಷ್ಟೂ ಚಿತ್ರಕ್ಕೆ ಬರುತ್ತದೆ.

ನೀರಿನ ರೈಡ್?

ಟೇಪ್ ಕ್ಯಾಮೆರಾ ಒಯ್ಯಬೇಡಿ. 2003ರಲ್ಲಿ ಒಂದು ನೀರಿನ ರೈಡ್‌ನಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿ ಒಯ್ದಿದ್ದೆ. ಚೀಲದ ಬಾಯಿಂದ ಇಳಿದ ಅರ್ಧ ಲೋಟ ನೀರಿಗೆ ಕ್ಯಾಮೆರಾ ಹೋಯಿತು, ಒಳಗಿದ್ದ ಕ್ಯಾಸೆಟ್ಟೂ ಹೋಯಿತು. ಆ ಕ್ಯಾಸೆಟ್‌ನಲ್ಲಿ ಬೆಳಗ್ಗೆಯಿಂದ ತೆಗೆದದ್ದೆಲ್ಲ ಇತ್ತು. ಒಬ್ಬರು ದಡದಲ್ಲಿ ನಿಂತು ತೆಗೆಯಲಿ, ಉಳಿದವರು ನೆನೆಯಲಿ.

ಹೋಟೆಲ್‌ನಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮಂಜಾಗುತ್ತದೆ. ಕ್ಯಾಮೆರಾ ಓಡುವುದೇ ಇಲ್ಲ. ಕೆಟ್ಟಿತಾ?

ಕೆಟ್ಟಿಲ್ಲ. ಏಸಿಯಲ್ಲಿ ತಣ್ಣಗಾದ ಕ್ಯಾಮೆರಾಕ್ಕೆ ಹೊರಗಿನ ಬಿಸಿ, ತೇವದ ಗಾಳಿ ತಗುಲಿದಾಗ ನೀರು ಕಟ್ಟುತ್ತದೆ. ಮಂಗಳೂರಿನವರಿಗೆ ಈ ತೇವ ಗೊತ್ತೇ ಇದೆ. ಟೇಪ್ ಕ್ಯಾಮೆರಾದ ಒಳಗೆ ತಿರುಗುತ್ತಾ ಟೇಪ್ ಓದುವ ಹೆಡ್ ಮೇಲೂ ನೀರು ಕಟ್ಟುತ್ತದೆ. ಟೇಪ್ ಅದಕ್ಕೆ ಅಂಟಿಕೊಂಡರೆ ಹರಿಯುತ್ತದೆ. ಅದಕ್ಕೇ ಕ್ಯಾಮೆರಾ ತೇವದ ಎಚ್ಚರಿಕೆ ತೋರಿಸಿ ತಾನೇ ನಿಲ್ಲುತ್ತದೆ. ಒತ್ತಾಯ ಮಾಡಬೇಡಿ. ಕ್ಯಾಸೆಟ್ ತೆಗೆದು, ಬಾಗಿಲು ತೆರೆದಿಟ್ಟು, ಒಂದು ಗಂಟೆ ಬಿಡಿ. ಮುಂದಿನ ಸಲ ರೂಮಿನಿಂದ ಹೊರಡುವ ಮುಂಚೆಯೇ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ. ನೀರು ಚೀಲದ ಮೇಲೆ ಕಟ್ಟುತ್ತದೆ, ಕ್ಯಾಮೆರಾ ಮೇಲಲ್ಲ.

ಪರೇಡ್‌ಗೆ ಎಲ್ಲಿ ನಿಲ್ಲಬೇಕು?

ಮೈಸೂರಿನಲ್ಲಿ ಜಂಬೂಸವಾರಿ ನೋಡಿದವರಿಗೆ ಹೊಸದಾಗಿ ಹೇಳುವುದು ಕಡಿಮೆ. ಮುಂಚೆ ಹೋಗಿ ಜಾಗ ಹಿಡಿಯಬೇಕು, ಬಿಸಿಲು ಬೆನ್ನಿಗಿರಬೇಕು. ಮ್ಯಾಜಿಕ್ ಕಿಂಗ್‌ಡಮ್‌ನ ಮೇನ್ ಸ್ಟ್ರೀಟ್ ದಕ್ಷಿಣದಿಂದ ಉತ್ತರಕ್ಕೆ ಇದೆ. ಮಧ್ಯಾಹ್ನದ ಪರೇಡ್‌ಗೆ, ಬಾಗಿಲಿಂದ ಒಳಗೆ ಬಂದವರ ಎಡಗಡೆಯ ಫುಟ್‌ಪಾತ್ ಒಳ್ಳೆಯದು. ಅದು ಪಶ್ಚಿಮ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ. ಹೊತ್ತು ಇಳಿದಂತೆ ಅಂಗಡಿಗಳ ನೆರಳೂ ಸಿಗುತ್ತದೆ. ಎದುರುಗಡೆ ನಿಂತವರ ವಿಡಿಯೊದಲ್ಲಿ ಕುಣಿಯುವವರ ಮುಖ ಕಪ್ಪಾಗಿರುತ್ತದೆ.

ರಸ್ತೆಯ ಅಂಚಿನಲ್ಲಿ ಕೂತು ತೆಗೆಯಿರಿ. ಕೆಳಗಿನಿಂದ ನೋಡಿದಾಗ ರಥಗಳು ಇನ್ನೂ ಎತ್ತರ ಕಾಣುತ್ತವೆ, ಹಿಂದಿನವರಿಗೂ ಅಡ್ಡ ಆಗುವುದಿಲ್ಲ. ಪ್ರತಿ ರಥಕ್ಕೂ ಕ್ಯಾಮೆರಾ ಅತ್ತಿಂದಿತ್ತ ಓಡಿಸಬೇಡಿ. ಒಂದು ರಥ ದೂರದಿಂದ ಬರುವುದು, ಎದುರಿಗೆ ಬರುವುದು, ದಾಟಿ ಹೋಗುವುದು ಇಷ್ಟನ್ನು ಒಂದೇ ಉಸಿರಿನಲ್ಲಿ ತೆಗೆಯಿರಿ. ಮುಂದಿನದರಲ್ಲಿ ನಿಮ್ಮ ಮಗುವಿನ ಮುಖ ತೆಗೆಯಿರಿ, ರಥದ ಸದ್ದು ಹಿನ್ನೆಲೆಯಲ್ಲಿ ಇರುತ್ತದೆ.

ರಾತ್ರಿಯ ಬಾಣಬಿರುಸು ಬರೀ ಮಸುಕು ಮಸುಕು.

ಫೋಕಸ್‌ನ ಗೋಳು. ಕಪ್ಪು ಆಕಾಶದಲ್ಲಿ ಕ್ಯಾಮೆರಾಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಶೋ ಶುರುವಾಗುವ ಮುಂಚೆ ಮ್ಯಾಜಿಕ್ ಕಿಂಗ್‌ಡಮ್‌ನ ದೀಪ ಬೆಳಗಿದ ಸಿಂಡರೆಲಾ ಅರಮನೆಯ ತುದಿಗೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಹಾಕಿ. ಎಕ್ಸ್‌ಪೋಷರ್ ಕೂಡ ಅರಮನೆಗೆ ಸರಿಯಾಗುವಂತೆ ಇಟ್ಟು ಅಲ್ಲೇ ಬಿಡಿ. ಹೊಗೆಯ ಮೋಡ ಬೂದಿ ಬಣ್ಣಕ್ಕೆ ತಿರುಗುವುದು ನಿಲ್ಲುತ್ತದೆ. ಬಾಣಬಿರುಸಿನ ಆಯ್ಕೆ ಇರುವ ಕ್ಯಾಮೆರಾ ಆದರೆ ಇದನ್ನೆಲ್ಲ ಅದೇ ಮಾಡುತ್ತದೆ.

ಸಿಂಡರೆಲಾ ಅರಮನೆ 189 ಅಡಿ ಎತ್ತರ. ಅದರ ಮೇಲೂ ಇಷ್ಟು ಆಕಾಶ ಬೇಕು. ಹಾಗಾಗಿ ಹತ್ತಿರ ಹೋಗಬೇಡಿ. ಮೇನ್ ಸ್ಟ್ರೀಟ್‌ನ ನಡುವಿಗೆ ನಿಂತರೆ ಎರಡೂ ಸೇರುತ್ತವೆ. ಹ್ಯಾಪಿಲಿ ಎವರ್ ಆಫ್ಟರ್ ಎಂಬ ಶೋ ಸುಮಾರು 18 ನಿಮಿಷದ್ದು. ಅಷ್ಟು ಹೊತ್ತು ಕೈ ಎತ್ತಿ ಹಿಡಿಯುವುದು ಕಷ್ಟ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ, ಅಥವಾ ಗೋಡೆಗೆ ಒರಗಿ. ಝೂಮ್ ಬೇಡ. ಬೆಳಕು ಮೊದಲು ಕಂಡು ಸದ್ದು ಆಮೇಲೆ ಕೇಳಿದರೆ ಎಡಿಟ್ ಮಾಡುವಾಗ ತಿದ್ದಬೇಡಿ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಲ್ಲಿ ನಿಂತವರಿಗೂ ಹಾಗೆಯೇ ಕೇಳಿಸಿತ್ತು.

ಊರಿನಲ್ಲಿ ಇರುವವರು ಭಾನುವಾರ ಸಂಜೆ ಮೈಸೂರು ಅರಮನೆಯ ಮುಂದೆ ಅಭ್ಯಾಸ ಮಾಡಬಹುದು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬ್ ಒಮ್ಮೆಲೇ ಹೊತ್ತಿಕೊಳ್ಳುವ ಆ ಕ್ಷಣವನ್ನು ಆಟೊದಲ್ಲಿ ಒಂದು ಸಲ, ಎಕ್ಸ್‌ಪೋಷರ್ ಇಳಿಸಿ ಇನ್ನೊಂದು ಭಾನುವಾರ ತೆಗೆದು ನೋಡಿ. ನಾನು ಕಲಿತದ್ದು ಅಲ್ಲೇ.

ಸ್ಟೇಜ್ ಶೋ ಪೂರ್ತಿ ತೆಗೆಯಬೇಕಾ, ತುಣುಕು ಸಾಕಾ?

ಬಿಡುವುದಾದರೆ ಪೂರ್ತಿ. ತುಂಡು ತುಂಡಾಗಿ ತೆಗೆದ ಹಾಡನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಹಿಂದಿನ ಸಾಲು, ಮಧ್ಯದ ಸೀಟು ಹಿಡಿಯಿರಿ. ಸ್ಪಾಟ್‌ಲೈಟ್ ಆಯ್ಕೆ ಹಾಕಿ. ಟೇಪ್ ಆದರೆ ಹೊಸ ಕ್ಯಾಸೆಟ್ ಹಾಕಿಕೊಂಡೇ ಒಳಗೆ ಹೋಗಿ. ಮಿನಿ-ಡಿವಿ ಸಾಮಾನ್ಯ ವೇಗದಲ್ಲಿ 60 ನಿಮಿಷ ಬರುತ್ತದೆ. ಕ್ಯಾಸೆಟ್ ಉಳಿಸಲು ಹೋಗಿ ಎಲ್‌ಪಿ, ಅಂದರೆ ಟೇಪ್ ನಿಧಾನವಾಗಿ ಓಡುವ ವೇಗಕ್ಕೆ ಹಾಕಬೇಡಿ. ಹಾಗೆ ತೆಗೆದ ಕ್ಯಾಸೆಟ್ ಎಷ್ಟೋ ಸಲ ಬೇರೆ ಕ್ಯಾಮೆರಾದಲ್ಲಿ ಓಡುವುದಿಲ್ಲ.

ಕಾರ್ಡ್ ಕ್ಯಾಮೆರಾದವರಿಗೆ ಒಂದು ಎಚ್ಚರಿಕೆ. ಉದ್ದದ ರೆಕಾರ್ಡಿಂಗ್ ಅನ್ನು ಎವಿಸಿಎಚ್‌ಡಿ ಎಂಬ ಬಗೆಯಲ್ಲಿ ರೆಕಾರ್ಡ್ ಮಾಡುವ ಕ್ಯಾಮೆರಾ 2 ಅಥವಾ 4 ಜಿಬಿಗೊಮ್ಮೆ ಬೇರೆ ಫೈಲ್ ಮಾಡುತ್ತದೆ. ಬರೀ ಫೈಲ್‌ಗಳನ್ನು ಎಳೆದು ಜೋಡಿಸಿದರೆ ಸಂದಿಯಲ್ಲಿ ಸದ್ದು ಒಂದು ಚೂರು ಕಡಿಯುತ್ತದೆ. ಕ್ಯಾಮೆರಾ ಜೊತೆ ಬಂದ ಸಾಫ್ಟ್‌ವೇರ್‌ನಿಂದಲೇ ಇಳಿಸಿಕೊಳ್ಳಿ, ಅದು ಸರಿಯಾಗಿ ಬೆಸೆಯುತ್ತದೆ.

ಮಾತು ಕೇಳಿಸುವುದಿಲ್ಲ, ಬರೀ ಗಾಳಿ ಸದ್ದು.

ಮೆನುವಿನಲ್ಲಿ ಗಾಳಿ ತಡೆಯುವ ಆಯ್ಕೆ ಹಾಕಿ. ಮೈಕ್ ಕಿಂಡಿಯ ಮೇಲೆ ಬೆರಳು ಬರದ ಹಾಗೆ ಹಿಡಿಯಿರಿ. ಅರ್ಧ ತೊಂದರೆ ಬೆರಳಿನದೇ. ಒಂದು ತೆಳು ಸ್ಪಂಜಿನ ತುಂಡನ್ನು ಮೈಕ್ ಮೇಲೆ ಅಂಟಿಸಿದರೂ ಗಾಳಿ ಕಡಿಮೆಯಾಗುತ್ತದೆ.

ಇಂಡಿಯಾದಿಂದ ತಂದ ಕ್ಯಾಮೆರಾ ಅಮೆರಿಕದಲ್ಲಿ ನಡೆಯುತ್ತಾ?

ನಡೆಯುತ್ತದೆ. ಚಾರ್ಜರ್ ಮೇಲೆ 100–240 ವೋಲ್ಟ್ ಎಂದು ಬರೆದಿದೆಯಾ ನೋಡಿ. ಹೆಚ್ಚಿನವುಗಳಲ್ಲಿ ಇರುತ್ತದೆ. ಪ್ಲಗ್ ಮಾತ್ರ ಬದಲಿಸಿದರೆ ಸಾಕು. ಇನ್ನೊಂದು ವ್ಯತ್ಯಾಸ ಇದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಇಲ್ಲಿ 60. ನಮ್ಮ ಕ್ಯಾಮೆರಾ ಪಾಲ್ ಎಂಬ ಪದ್ಧತಿಯದು, ಸೆಕೆಂಡಿಗೆ 25 ಚಿತ್ರ. ಹಾಗಾಗಿ ಇಲ್ಲಿಯ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕುತ್ತದೆ. ಷಟರ್ ಅನ್ನು 1/60 ಸೆಕೆಂಡಿಗೆ ಹಾಕಿದರೆ ನಿಲ್ಲುತ್ತದೆ. ಇಲ್ಲಿಂದ ಕೊಂಡ ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿಯ) ಕ್ಯಾಮೆರಾವನ್ನು ಊರಿನ ಮದುವೆಗೆ ಒಯ್ದರೆ ಅದೇ ತಿರುಗಾಮುರುಗಾ, 1/50 ಅಥವಾ 1/100.

ಏರ್‌ಪೋರ್ಟ್ ಎಕ್ಸ್-ರೇಯಲ್ಲಿ ಕ್ಯಾಸೆಟ್ ಅಳಿಸಿಹೋಗುತ್ತಾ?

ಇಲ್ಲ. ಎಕ್ಸ್-ರೇ ಕೆಡಿಸುವುದು ಹಳೆಯ ರೀಲ್ ಫಿಲ್ಮನ್ನು, ವಿಡಿಯೊ ಟೇಪನ್ನಲ್ಲ. ಅಯಸ್ಕಾಂತದಿಂದ ದೂರ ಇಡಿ, ಸಾಕು.

ರೈಡ್ ತೆಗೆಯಬೇಕಾ, ಮನೆಯವರನ್ನು ತೆಗೆಯಬೇಕಾ?

ಎರಡನ್ನೂ. ಎರಡೂ ಉಳಿಯುವುದಿಲ್ಲ.

1998ರ ಡಿಸೆಂಬರ್‌ನಲ್ಲಿ ಡಿಸ್ನಿಯ ಎಪ್ಕಾಟ್ ಪಾರ್ಕ್‌ನಲ್ಲಿ ಹೊರೈಜನ್ಸ್ ಎಂಬ ರೈಡ್ ಹತ್ತಿದೆ. 1983ರಲ್ಲಿ ಶುರುವಾದದ್ದು. ಮುಂದಿನ ಕಾಲದ ಮನೆ, ಹೊಲ, ಸಮುದ್ರದ ಕೆಳಗಿನ ಊರು ಎಲ್ಲ ತೋರಿಸುತ್ತಿತ್ತು. ಮರುಭೂಮಿಯ ತೋಟದ ಹತ್ತಿರ ಕಿತ್ತಳೆ ಹಣ್ಣಿನ ವಾಸನೆ ಬರುತ್ತಿತ್ತು. ಕೊನೆಗೆ ಮನೆಗೆ ಯಾವ ದಾರಿಯಲ್ಲಿ ಹೋಗಬೇಕು ಎಂದು ಕೂತವರೇ ಗುಂಡಿ ಒತ್ತಿ ಆರಿಸಬಹುದಿತ್ತು. ಬಾಹ್ಯಾಕಾಶ, ಮರುಭೂಮಿ, ಸಮುದ್ರ. ಕ್ಯಾಸೆಟ್ ಉಳಿಯಲಿ ಎಂದು ನಾನು ತೆಗೆದದ್ದು 40 ಸೆಕೆಂಡು ಮಾತ್ರ. ಮುಂದಿನ ಸಲ ಪೂರ್ತಿ ತೆಗೆದರಾಯಿತು ಅಂದುಕೊಂಡೆ. 1999ರ ಜನವರಿ 9ಕ್ಕೆ ಅದನ್ನು ಮುಚ್ಚಿದರು. ಕಟ್ಟಡವನ್ನೂ ಕೆಡವಿದರು. ಆ ಜಾಗದಲ್ಲಿ 2003ರಲ್ಲಿ ಮಿಷನ್ ಸ್ಪೇಸ್ ಬಂತು. ಇವತ್ತು ಹೊರೈಜನ್ಸ್ ಹೇಗಿತ್ತು ಎಂದು ತಿಳಿಯಬೇಕಾದರೆ ನನ್ನಂಥ ಪ್ರವಾಸಿಗರು ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದ ವಿಡಿಯೊಗಳೇ ದೊಡ್ಡ ಆಧಾರ.

ಆಮೇಲೆ ಮೇಲ್‌ಸ್ಟ್ರಾಮ್ ಎಂಬ ರೈಡ್ 2014ರಲ್ಲಿ ಹೋಯಿತು. ಗ್ರೇಟ್ ಮೂವಿ ರೈಡ್ 2017ರಲ್ಲಿ. ಸ್ಪ್ಲ್ಯಾಶ್ ಮೌಂಟನ್ 2023ರಲ್ಲಿ. 2025ರ ಜುಲೈನಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ನದಿಯನ್ನೂ ಅದರ ಮೇಲೆ ಓಡುತ್ತಿದ್ದ ದೊಡ್ಡ ದೋಣಿಯನ್ನೂ ನಿಲ್ಲಿಸಿದರು. ಹಾಗಾಗಿ ನಾನು ಈಗ ಪ್ರತಿ ರೈಡ್ ಅನ್ನೂ ಹತ್ತುವ ಮುಂಚಿನ ಸಾಲಿನಿಂದ ಹಿಡಿದು ಇಳಿಯುವ ಬಾಗಿಲ ತನಕ ನಿಲ್ಲಿಸದೆ ಒಂದು ಸಲ ತೆಗೆಯುತ್ತೇನೆ.

ಮನೆಯವರ ಮಾತು. 2006ರಲ್ಲಿ ಅಪ್ಪ-ಅಮ್ಮ ಬಂದಿದ್ದರು. ಸ್ಮಾಲ್ ವರ್ಲ್ಡ್ ದೋಣಿಯಲ್ಲಿ ನಾನು ಗೊಂಬೆಗಳನ್ನೇ ತೆಗೆಯುತ್ತಿದ್ದೆ. ಹಿಂದಿನಿಂದ ಅಮ್ಮ, "ನಮ್ಮನೆ ದಸರಾ ಗೊಂಬೆ ಕೂರಿಸಿದ ಹಾಗೇ ಇದೆ ಅಲ್ವೇನ್ರೀ?" ಅಂದಿದ್ದಾರೆ. ಅಪ್ಪ, "ಪಟ್ಟದ ಗೊಂಬೆ ಎಲ್ಲೇ?" ಅಂದಿದ್ದಾರೆ. ಇಬ್ಬರೂ ನಕ್ಕಿದ್ದಾರೆ. ಕ್ಯಾಮೆರಾ ಒಮ್ಮೆಯೂ ಅವರ ಕಡೆ ತಿರುಗಲಿಲ್ಲ. ಅಪ್ಪ ಈಗ ಇಲ್ಲ. ಅವರ ನಗು ಆ ಕ್ಯಾಸೆಟ್‌ನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ಮುಖ ಇಲ್ಲ.

ಅದಕ್ಕೇ ನನ್ನ ಸಲಹೆ ಇದು. ಸಾಧ್ಯವಾದರೆ ಅದೇ ರೈಡ್ ಎರಡು ಸಲ ಹತ್ತಿ. ಒಂದು ಸಲ ಕ್ಯಾಮೆರಾ ರೈಡ್ ಕಡೆ ಇರಲಿ, ಇನ್ನೊಂದು ಸಲ ಮುಂದಿನ ಸಾಲಿನಲ್ಲಿ ಕೂತು ಹಿಂದಕ್ಕೆ ತಿರುಗಿಸಿ. ತೆಗೆಯುವಾಗ "ಸುಮ್ನಿರಿ, ರೆಕಾರ್ಡ್ ಆಗ್ತಿದೆ" ಎಂದು ಮನೆಯವರ ಬಾಯಿ ಮುಚ್ಚಿಸಬೇಡಿ. ಮಾತಾಡಲಿ.

ಯೂಟ್ಯೂಬ್‌ಗೆ ಹಾಕಬಹುದಾ?

ತುಂಬಾ ಜನ ಹಾಕಿದ್ದಾರೆ. ಹಿನ್ನೆಲೆಯ ಹಾಡನ್ನು ಯೂಟ್ಯೂಬ್ ತಾನೇ ಗುರುತಿಸುತ್ತದೆ. ಹಕ್ಕಿನವರು ಆ ವಿಡಿಯೊದ ದುಡ್ಡು ತಾವು ತೆಗೆದುಕೊಳ್ಳಬಹುದು, ತಡೆಯಲೂಬಹುದು. ಬೇರೆಯವರ ಮಕ್ಕಳ ಮುಖ ಇರುವ ಭಾಗ ಕತ್ತರಿಸಿ ಹಾಕಿ.

ಬಿಡದಿಯ ವಂಡರ್‌ಲಾಗೂ ಇದೆಲ್ಲ ಹೊಂದುತ್ತಾ?

ಅಲ್ಲಿ ನೀರಿನ ಆಟ, ಬಯಲಿನ ಆಟ ಜಾಸ್ತಿ. ಕೆಳಗೆ ನಿಂತು ತೆಗೆಯುವ ಮಾತು, ಬಿಸಿಲು ಬೆನ್ನಿಗಿರಲಿ ಅನ್ನುವ ಮಾತು ಹಾಗೇ ಹೊಂದುತ್ತವೆ. ಸಿಬ್ಬಂದಿ ಏನು ಹೇಳುತ್ತಾರೋ ಕೇಳಿ.

ಬೀರುವಿನಲ್ಲಿ ಹಳೆಯ ಕ್ಯಾಸೆಟ್‌ಗಳಿವೆ. ಏನು ಮಾಡಲಿ?

ಇವತ್ತೇ ತೆಗೆಯಿರಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಬಿಳಿ ಪುಡಿ ಕಂಡರೆ ಕ್ಯಾಮೆರಾಕ್ಕೆ ಹಾಕಬೇಡಿ, ಹೆಡ್ ಹಾಳಾಗುತ್ತದೆ. ಮೊದಲು ಸ್ವಚ್ಛ ಮಾಡಿಸಬೇಕು.

ಮಿನಿ-ಡಿವಿ ಆದರೆ ಫೈರ್‌ವೈರ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಇಳಿಸಿ. ಸೋನಿ ಅದನ್ನೇ ಐ-ಲಿಂಕ್ ಅನ್ನುತ್ತಿತ್ತು. ಟೇಪ್‌ನಲ್ಲಿ ಇರುವುದು ಇದ್ದ ಹಾಗೆ ಬರುತ್ತದೆ. ಒಂದು ಗಂಟೆಗೆ ಸುಮಾರು 13 ಜಿಬಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿ ಇರುವುದಿಲ್ಲ. ಗೆಳೆಯರ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಕೇಳಿ ತನ್ನಿ. ಹೈ-8 ಕ್ಯಾಸೆಟ್‌ಗಳನ್ನು ಎಷ್ಟೋ ಡಿಜಿಟಲ್-8 ಕ್ಯಾಮೆರಾಗಳು ಓಡಿಸಿ ಅದೇ ಕೇಬಲ್‌ನಲ್ಲಿ ಕಳಿಸುತ್ತವೆ. ನನ್ನ ಹಳೆಯವನ್ನೆಲ್ಲ ಹಾಗೆಯೇ ಉಳಿಸಿಕೊಂಡೆ.

ಅಂಗಡಿಗೆ ಕೊಡುವುದಾದರೆ ಮೊದಲು ಒಂದೇ ಕ್ಯಾಸೆಟ್ ಕೊಟ್ಟು ನೋಡಿ. ನಾನು ಒಂದು ಕಡೆ ಆರು ಕ್ಯಾಸೆಟ್ ಒಟ್ಟಿಗೆ ಕೊಟ್ಟೆ. ನಾಲ್ಕರಲ್ಲಿ ಸದ್ದೇ ಬಂದಿರಲಿಲ್ಲ. ಸದ್ಯ ಮೂಲ ಕ್ಯಾಸೆಟ್ ವಾಪಸ್ ಕೊಟ್ಟಿದ್ದರು, ಎಲ್ಲವನ್ನೂ ಮತ್ತೆ ಕೂತು ಇಳಿಸಿದೆ. ಇಳಿಸಿದ ಮೇಲೂ ಮೂಲವನ್ನು ಎಸೆಯಬೇಡಿ. ಅಂಚಿನ ಸಣ್ಣ ಗುಂಡಿಯನ್ನು ಸೇವ್ ಕಡೆಗೆ ಸರಿಸಿ, ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಪುಟ್ಟ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬಿಯಲ್ಲಿ ನಿಲ್ಲಿಸಿಡಿ. ಚೀಟಿಯ ಮೇಲೆ ಬರೀ "ಡಿಸ್ನಿ 2006" ಎಂದು ಬರೆಯಬೇಡಿ. ಯಾವ ರೈಡ್, ದೋಣಿಯಲ್ಲಿ ಯಾರು ಯಾರು ಕೂತಿದ್ದರು, ಎಷ್ಟನೇ ನಿಮಿಷದಲ್ಲಿ ಯಾರ ಮಾತು ಕೇಳುತ್ತದೆ ಎಂದು ಬರೆದಿಡಿ. ಅಪ್ಪನ ನಗು 22ನೇ ನಿಮಿಷದಲ್ಲಿದೆ ಎಂದು ನಾನು ಬರೆದಿಟ್ಟಿದ್ದೇನೆ.